ಹೊಲಕ್ಕೆ ಹತ್ತು ಕಣ್ಣು

ಬೇಸಾಯವು ಒಂಟಿತನದ ಉದ್ಯೋಗವೆಂಬ ಭಾವನೆ ಪೇಟೆಯ ಜನರಲ್ಲಿ ಬೇರೂರಿರುವುದಕ್ಕೆ ಕಾರಣವಿಲ್ಲದಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುವ ಹೊಲದಲ್ಲಿ ಸಾಮಾನ್ಯವಾಗಿ ಇರುವುದು ಒಂದು ಜೊತೆ ಎತ್ತು ಅಥವಾ ಒಂದು ಟ್ರ್ಯಾಕ್ಟರು, ಅದರ ಜೊತೆಗೆ ಒಬ್ಬ ಮನುಷ್ಯ. ಆದರೆ ಮುಯ್ಯಾಳಿನ ಪದ್ಧತಿಯನ್ನು ಕಣ್ಣಾರೆ ಕಂಡವರು ಈ ಮಾತನ್ನು ಒಪ್ಪಲಾರರು. ನಾಟಿಯ ಕಾಲಕ್ಕೆ ಹತ್ತು ಮನೆಯವರು ಒಬ್ಬನ ಗದ್ದೆಗೆ ಇಳಿಯುವುದು, ಮರುದಿನ ಆ ಒಬ್ಬನು ಆ ಹತ್ತರಲ್ಲೊಂದು ಮನೆಯ ಗದ್ದೆಗೆ ಇಳಿಯುವುದು, ಕಾಸಿನ ಲೆಕ್ಕವಿಲ್ಲದೆ ಋಣದ ಲೆಕ್ಕವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸುಗ್ಗಿಯವರೆಗೂ ಒಬ್ಬರಿಗೊಬ್ಬರು ಒದಗುವುದು, ಇವೆಲ್ಲ ಸೇರಿ ನಮ್ಮ ಹಳ್ಳಿಗಳಲ್ಲಿ ಬರೆಯದ ನಿಯಮಾವಳಿಯುಳ್ಳ ಒಂದು ಸಂಘವೇ ಆಗಿದ್ದಿತು. ಗೊಬ್ಬರವು ಚೀಲದಲ್ಲಿಯೂ, ಬೀಜವು ಪೊಟ್ಟಣದಲ್ಲಿಯೂ, ಔಷಧಿಯು ಡಬ್ಬಿಯಲ್ಲಿಯೂ ಅಂಗಡಿಯಿಂದ ಬರತೊಡಗಿದ ಮೇಲೆ ನೆರೆಯವನ ಹಂಗಿಲ್ಲದೆ ಬೇಸಾಯ ಮಾಡಬಹುದೆಂಬ ಧೈರ್ಯ ರೈತನಿಗೆ ಬಂದಿತು. ಧೈರ್ಯದ ಬೆನ್ನಿಗೇ ಸಾಲವೂ ಬಂದಿತೆಂಬುದು ಬೇರೆ ಕಥೆ.

ಸಾವಯವ ಕೃಷಿಗೆ ಮರಳಲು ಹೊರಟವನಿಗೆ ಮೊದಲು ಮನದಟ್ಟಾಗುವ ಸಂಗತಿಯೆಂದರೆ ಕಳಚಿಕೊಂಡಿದ್ದ ಆ ಹಂಗು ಮತ್ತೆ ಅನಿವಾರ್ಯವಾಯಿತೆಂಬುದು. ಪಕ್ಕದ ಹೊಲದವನು ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬದು ದಾಟುತ್ತದೆ. ಮೇಲಿನ ಗದ್ದೆಗೆ ಎರಚಿದ ಯೂರಿಯಾ ಕರಗಿ ನೀರಿನೊಡನೆ ಕೆಳಗಿನ ಗದ್ದೆಗೆ ಇಳಿಯುತ್ತದೆ. ಬೇಕಾದ ನಾಟಿ ತಳಿಯ ಬೀಜ ಅಂಗಡಿಯಲ್ಲಿ ದೊರೆಯುವುದಿಲ್ಲ. ಇಷ್ಟೆಲ್ಲ ಪಾಡುಪಟ್ಟು ಬೆಳೆದುದನ್ನು ಮಂಡಿಗೆ ಒಯ್ದರೆ, ವಿಷ ಹೊಡೆದು ಬೆಳೆದುದರ ರಾಶಿಯ ಪಕ್ಕದಲ್ಲೇ ಸುರಿದು ಅದೇ ದರಕ್ಕೆ ಕೈಚಾಚಬೇಕಾಗುತ್ತದೆ. ಈ ನಾಲ್ಕು ಸಂಕಟಗಳಲ್ಲಿ ಒಂದನ್ನೂ ಒಬ್ಬನೇ ನಿವಾರಿಸಿಕೊಳ್ಳಲಾರನಾದ್ದರಿಂದಲೇ ಲೋಕದಲ್ಲಿ ಸಾವಯವ ಕೃಷಿಯ ಇತಿಹಾಸವು ಬಹುಮಟ್ಟಿಗೆ ಸಂಘಗಳ ಇತಿಹಾಸವಾಗಿದೆ. ಸಂಘವನ್ನು ಸೇರಲು ಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಅದು ನಮಗೆ ಏನನ್ನು ಕೊಡುತ್ತದೆಂಬುದು. ಅದು ನಮ್ಮಿಂದ ಏನನ್ನು ಬೇಡುತ್ತದೆಂದು ಕೇಳುವವರು ವಿರಳ. ಸದಸ್ಯನಿಂದ ಚಂದಾಹಣವನ್ನಲ್ಲದೆ ಮತ್ತೇನನ್ನೂ ಬೇಡದ ಸಂಘವು ಅವನಿಗೆ ರಶೀದಿಯನ್ನಲ್ಲದೆ ಮತ್ತೇನನ್ನೂ ಕೊಡಲಾರದೆಂಬುದು ಈ ಲೇಖಕನ ಅಭಿಪ್ರಾಯ.

ಸಾವಯವ ಸಂಘಗಳ ಈ ಇತಿಹಾಸದ ಒಂದು ಬೇರು ನಮ್ಮ ದೇಶದಲ್ಲಿಯೇ ಇದೆ. ಆಲ್ಬರ್ಟ್ ಹೋವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿಯು 1924ರಿಂದ 1931ರವರೆಗೆ ಇಂದೋರಿನ ಸಂಶೋಧನಾಲಯದಲ್ಲಿದ್ದು, ಹಳ್ಳಿಗರು ತಿಪ್ಪೆಗೆ ಎಸೆಯುತ್ತಿದ್ದ ಕಸಕಡ್ಡಿ, ಸಗಣಿ, ಗಂಜಲದ ಮಣ್ಣುಗಳನ್ನು ಪದರಪದರವಾಗಿ ಹಾಕಿ, ಕಾಲಕಾಲಕ್ಕೆ ಮಗುಚಿ, ಕೆಲವೇ ತಿಂಗಳುಗಳಲ್ಲಿ ಉತ್ತಮ ಗೊಬ್ಬರವನ್ನಾಗಿಸುವ ಕ್ರಮವನ್ನು ರೂಪಿಸಿದನು. ಅದು ಇಂದಿಗೂ ಇಂದೋರ್ ಪದ್ಧತಿಯೆಂದೇ ಪ್ರಸಿದ್ಧವಾಗಿದೆ. ಆತನ ವಿಚಾರಗಳಿಂದ ಪ್ರಭಾವಿತಳಾದ ಈವ್ ಬಾಲ್ಫೋರ್ ಎಂಬ ಮಹಿಳೆ, ಸಾವಯವ ಭೂಮಿಯನ್ನೂ ರಾಸಾಯನಿಕ ಗೊಬ್ಬರದ ಭೂಮಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ದೀರ್ಘಪ್ರಯೋಗವನ್ನು 1939ರಲ್ಲಿ ಇಂಗ್ಲೆಂಡಿನ ಹಾಲೆ ಎಂಬಲ್ಲಿ ಆರಂಭಿಸಿ, 1946ರಲ್ಲಿ ಸಮಾನಮನಸ್ಕರೊಡನೆ ಸೇರಿ ಸಾಯಿಲ್ ಅಸೋಸಿಯೇಷನ್ ಎಂಬ ಸದಸ್ಯಸಂಸ್ಥೆಯನ್ನು ಕಟ್ಟಿದಳು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು, 1958ರಲ್ಲಿ ಲಾರೆನ್ಸ್ ಹಿಲ್ಸ್ ಎಂಬಾತನು ಎಸೆಕ್ಸ್ ಪ್ರಾಂತದ ಬಾಕಿಂಗ್ ಎಂಬ ಊರಿನಲ್ಲಿ ಸ್ಥಾಪಿಸಿದ ಹೆನ್ರಿ ಡಬಲ್‌ಡೇ ಸಂಶೋಧನಾ ಸಂಘ. ಅದು ದೊಡ್ಡ ಜಮೀನುದಾರರ ಕೂಟವಾಗಿರಲಿಲ್ಲ. ಮನೆಯ ಹಿತ್ತಲಲ್ಲಿ ನಾಲ್ಕು ಸಾಲು ತರಕಾರಿ ಬೆಳೆಯುವ ಗುಮಾಸ್ತರು, ಉಪಾಧ್ಯಾಯರು, ಗೃಹಿಣಿಯರು ಅದರ ಸದಸ್ಯರು. ಸಂಘವು ಅವರನ್ನು ಉಪನ್ಯಾಸ ಕೇಳಲು ಕೂಡಿಸಿ ಕಳುಹಿಸಿಬಿಡದೆ, ಒಂದೇ ಪ್ರಯೋಗವನ್ನು ತಮ್ಮ ತಮ್ಮ ಹಿತ್ತಲುಗಳಲ್ಲಿ ಮಾಡಿ ಫಲಿತಾಂಶವನ್ನು ಬರೆದು ಕಳುಹಿಸುವಂತೆ ಕೇಳಿಕೊಳ್ಳುತ್ತಿದ್ದಿತು. ಮುಂದೆ ಸರ್ಕಾರದ ಪಟ್ಟಿಯಲ್ಲಿ ಹೆಸರಿಲ್ಲದ ತರಕಾರಿ ತಳಿಗಳ ಬೀಜವನ್ನು ಮಾರುವುದು ಯುರೋಪಿನ ಕಾನೂನಿಗೆ ವಿರುದ್ಧವಾಗಿ, ಹಳೆಯ ತಳಿಗಳು ಒಂದೊಂದಾಗಿ ಕಣ್ಮರೆಯಾಗತೊಡಗಿದಾಗ, ಇದೇ ಸಂಘವು ಕಾನೂನಿನ ಸಂದಿಯೊಂದನ್ನು ಕಂಡುಕೊಂಡಿತು: ಮಾರುವುದಕ್ಕೆ ನಿಷೇಧವಿದ್ದರೇನು, ಸದಸ್ಯರಿಗೆ ಹಂಚುವುದಕ್ಕೆ ಅಡ್ಡಿಯಿಲ್ಲವಷ್ಟೆ! ಹೀಗೆ ಬೀಜಭಂಡಾರವೊಂದು ಹುಟ್ಟಿ, ಸದಸ್ಯತ್ವವೇ ಒಂದು ಅವರೆಯನ್ನೋ ಬಟಾಣಿಯನ್ನೋ ಬದುಕಿಸುವ ಉಪಾಯವಾಯಿತು. ನಮ್ಮಲ್ಲಿ ಆ ಪೇಚಾಟವಿಲ್ಲ. ಸಸ್ಯತಳಿಗಳ ಸಂರಕ್ಷಣೆಗೂ ರೈತರ ಹಕ್ಕುಗಳಿಗೂ ಸಂಬಂಧಿಸಿದ 2001ರ ಕಾಯಿದೆಯು, ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರಿನಲ್ಲಿ ಮಾರದಿರುವವರೆಗೆ, ರೈತನು ತನ್ನ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಕೊಡಬಹುದು, ಕೊಳ್ಳಬಹುದು, ಮಾರಲೂಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಇಷ್ಟು ಉದಾರವಾದ ಹಕ್ಕನ್ನು ಕೈಯಲ್ಲಿಟ್ಟುಕೊಂಡು ನಾವು ಬೀಜವನ್ನು ಅಂಗಡಿಯಿಂದ ತರುತ್ತಿದ್ದೇವೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

ಸಂಘ ಕಟ್ಟುವ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಕರ ಸಹಕಾರಿ ಪತ್ತಿನ ಸಂಘವು ನೋಂದಣಿಯಾದುದು 1905ರಲ್ಲಿ; ಶಿರಸಿಯ ತೋಟಗಾರರು ತಮ್ಮ ಮಾರಾಟ ಸಂಘವನ್ನು ಕಟ್ಟಿಕೊಂಡುದು 1923ರಲ್ಲಿ; ಅಡಿಕೆಯ ಧಾರಣೆ ಕುಸಿದು ಕಂಗಾಲಾದ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊವನ್ನು ಸ್ಥಾಪಿಸಿದುದು 1973ರಲ್ಲಿ. ಸಾವಯವದ ವಿಚಾರದಲ್ಲಿ ಮಾತ್ರ ಸಂಘಗಳಿಗಿಂತ ಮೊದಲು ವ್ಯಕ್ತಿಗಳು ಕಾಣಿಸಿಕೊಂಡರು. ತೀರ್ಥಹಳ್ಳಿಯ ಪುರುಷೋತ್ತಮರಾಯರು, ದೊಡ್ಡಬಳ್ಳಾಪುರದ ಬಳಿ ತೋಟ ಮಾಡಿ 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಮರದ ಬುಡದಲ್ಲಿ ಪಾಠ ಹೇಳಿದ ಎಲ್. ನಾರಾಯಣರೆಡ್ಡಿಯವರು ಮುಂತಾದವರ ಸುತ್ತ ಜನ ನೆರೆದು, ನೆರೆದವರು ತಮ್ಮೂರಿಗೆ ಮರಳಿ ಹತ್ತಾರು ಸಣ್ಣ ಬಳಗಗಳನ್ನು ಕಟ್ಟಿಕೊಂಡರು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಅಡಿಕೆ ಪತ್ರಿಕೆಯು ಕೃಷಿಕರ ಕೈಯಿಂದಲೇ ಲೇಖನಗಳನ್ನು ಬರೆಸಿ, ಒಂದು ತಾಲ್ಲೂಕಿನ ಅನುಭವವನ್ನು ಇನ್ನೊಂದು ತಾಲ್ಲೂಕಿಗೆ ಮುಟ್ಟಿಸಿತು. ಅನಂತರ ಸರ್ಕಾರವೂ ಎಚ್ಚತ್ತು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಮುಂದೆ ಸಾವಯವ ಭಾಗ್ಯವೆಂಬ ಯೋಜನೆಯಡಿ ಹೋಬಳಿಗಳಲ್ಲಿ ರೈತರ ಗುಂಪುಗಳನ್ನು ರಚಿಸಿ, ಅವುಗಳನ್ನೆಲ್ಲ 14 ಪ್ರಾಂತೀಯ ಒಕ್ಕೂಟಗಳಲ್ಲಿ ಕೂಡಿಸಿತು.

ಇಷ್ಟೆಲ್ಲ ಬಗೆಯ ಸಂಘಗಳಿರುವಾಗ ಹೊಸಬನು ಯಾವುದನ್ನು ಸೇರಬೇಕು? ಐದಾರು ಎಕರೆಯೊಳಗಿನ ಹಿಡುವಳಿದಾರನಾಗಿ, ತನ್ನ ಬೆಳೆಯನ್ನು ಈ ದೇಶದೊಳಗೇ ಮಾರುವ ಉದ್ದೇಶವುಳ್ಳವನಾದರೆ, ಅವನು ಮೊದಲು ವಿಚಾರಿಸಬೇಕಾದುದು ಪಿಜಿಎಸ್ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯಲ್ಪಡುವ ಸಹಭಾಗಿತ್ವದ ಖಾತರಿ ವ್ಯವಸ್ಥೆಯ ಗುಂಪನ್ನು. ಇದರ ತತ್ತ್ವ ಬಹಳ ಸರಳ. ಒಬ್ಬನ ಹೊಲವು ನಿಜವಾಗಿಯೂ ಸಾವಯವವೇ ಎಂಬುದಕ್ಕೆ ಸಾಕ್ಷಿ ಹೇಳಲು ದೂರದ ಪಟ್ಟಣದಿಂದ ಶುಲ್ಕ ಪಡೆದು ಬರುವ ಪರೀಕ್ಷಕನಿಗಿಂತ, ದಿನವೂ ಆ ಹೊಲದ ಪಕ್ಕದಲ್ಲಿ ಹಾದುಹೋಗುವ ನೆರೆಯ ರೈತನು ಹೆಚ್ಚು ಅರ್ಹನೆಂಬುದೇ ಆ ತತ್ತ್ವ. ಫ್ರಾನ್ಸ್, ಬ್ರೆಜಿಲ್ ಮೊದಲಾದ ದೇಶಗಳ ಸಣ್ಣ ರೈತರು ಇಂಥ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದರು. 2004ರಲ್ಲಿ ಬ್ರೆಜಿಲಿನ ಟೊರೆಸ್ ಎಂಬಲ್ಲಿ ನಡೆದ ಸಭೆಯಲ್ಲಿ ಅದಕ್ಕೆ ಅಂತಾರಾಷ್ಟ್ರೀಯವಾದ ಒಂದು ಹೆಸರೂ ರೂಪವೂ ದೊರೆತವು. ಭಾರತ ಸರ್ಕಾರದ ಪಿಜಿಎಸ್ ವ್ಯವಸ್ಥೆಯಲ್ಲಿ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ ಐವರು ರೈತರು ಸೇರಿ ಒಂದು ಗುಂಪಾಗಬಹುದು. ಪ್ರತಿಯೊಬ್ಬನೂ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು, ಹೊಲದಲ್ಲಿ ಏನನ್ನು ಹಾಕಿದೆ, ಎಲ್ಲಿಂದ ತಂದೆ ಎಂಬುದನ್ನು ಬರೆದಿಡಬೇಕು, ಸಭೆಗಳಿಗೂ ತರಬೇತಿಗಳಿಗೂ ಬರಬೇಕು, ತನ್ನ ಹೊಲವನ್ನು ಇತರರಿಗೆ ತೆರೆದಿಡಬೇಕು, ಇತರರ ಹೊಲವನ್ನು ತಾನೂ ಪರೀಕ್ಷಿಸಬೇಕು. ಪರಿವರ್ತನೆಯ ಅವಧಿಯಲ್ಲಿರುವ ಹೊಲದ ಉತ್ಪನ್ನಕ್ಕೆ ಪಿಜಿಎಸ್ ಗ್ರೀನ್ ಎಂಬ ಗುರುತು, ಅವಧಿ ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್ ಎಂಬ ಗುರುತು.

ಸಹಸದಸ್ಯರು ಹೊಲ ನೋಡಲು ಬರುವ ದಿನದ ಕ್ರಮವನ್ನು ಕೊಂಚ ವಿವರವಾಗಿ ಹೇಳುವುದು ಉಚಿತ, ಏಕೆಂದರೆ ಈ ಸಂಘದ ಜೀವವಿರುವುದು ಅಲ್ಲಿಯೇ. ಅನುಭವಸ್ಥನಾದವನು ಬೆಳೆಯನ್ನು ಮೊದಲು ನೋಡುವುದಿಲ್ಲ. ಪಂಪುಮನೆಯ ಮೂಲೆಯನ್ನು ನೋಡುತ್ತಾನೆ. ಯೂರಿಯಾ ಚೀಲವು ನಮ್ಮ ಹಳ್ಳಿಗಳಲ್ಲಿ ಸರ್ವೋಪಯೋಗಿಯಾದ ವಸ್ತು. ತೆಂಗಿನಕಾಯಿ ತುಂಬುವುದಕ್ಕೂ, ಬಚ್ಚಲಿಗೆ ಮರೆ ಕಟ್ಟುವುದಕ್ಕೂ, ಮಳೆಯಲ್ಲಿ ತಲೆಗೆ ಕೊಪ್ಪೆ ಹಾಕಿಕೊಳ್ಳುವುದಕ್ಕೂ ಅದೇ. ಆದ್ದರಿಂದ ಚೀಲ ಕಂಡ ಮಾತ್ರಕ್ಕೆ ಅನುಮಾನಪಡುವುದು ಎಳಸುತನ. ಚೀಲದ ಒಳಮೈಯನ್ನು ತಿರುಗಿಸಿ, ಅಲ್ಲಿ ಬಿಳಿಯ ಹರಳು ಅಂಟಿದೆಯೋ, ಬೆರಳಿಗೆ ತೇವ ತಾಗುತ್ತದೆಯೋ ಎಂದು ನೋಡುವುದು ಪರೀಕ್ಷೆ. ಅಲ್ಲಿಂದ ಬದುವಿನ ಮೇಲೆ ನಡೆಯಬೇಕು. ಬದುವಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದಿದ್ದರೆ ಕೂಳೆ ಎತ್ತರತಗ್ಗಾಗಿ ಹಸಿರಾಗಿರುತ್ತದೆ. ಕಳೆನಾಶಕ ಹೊಡೆದಿದ್ದರೆ ಒಂದೇ ಸಮನಾಗಿ ಕೆಂಪಗೆ ಸುಟ್ಟಂತೆ ಕಾಣುತ್ತದೆ. ಭತ್ತದ ಗದ್ದೆಯಲ್ಲಿ ಕೈಯಿಂದ ಎರಚಿದ ಯೂರಿಯಾ ಕಡುಹಸಿರಿನ ಪಟ್ಟೆಗಳಾಗಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಉಳಿದಿರುವ ಬಿತ್ತನೆಬೀಜವನ್ನು ತರಿಸಿ ನೋಡಬೇಕು. ಅದು ಗುಲಾಬಿಬಣ್ಣಕ್ಕಿದ್ದರೆ ರಾಸಾಯನಿಕದಿಂದ ಉಪಚರಿಸಿದ ಅಂಗಡಿಯ ಬೀಜವೆಂದೇ ಭಾವಿಸಿ ವಿಚಾರಿಸಬೇಕು. ಹಟ್ಟಿಯ ಪಕ್ಕದ ಡ್ರಮ್ಮಿನಲ್ಲಿ ಸಾಮಾನ್ಯವಾಗಿ ಜೀವಾಮೃತವೆಂಬ ದ್ರವಗೊಬ್ಬರವಿರುತ್ತದೆ, ಇರಲೇಬೇಕೆಂದೇನೂ ಇಲ್ಲ; 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಎಂಬ ಲೆಕ್ಕ ಎಲ್ಲರಿಗೂ ಕಂಠಪಾಠ. ಕೋಲಿನಿಂದ ಕಲಕಿ ಮೂಗಿಗೆ ಹಿಡಿದರೆ ಅದು ಈ ವಾರದ್ದೋ, ಪರೀಕ್ಷಕರಿಗೆ ತೋರಿಸಲೆಂದು ಎಂದೋ ಮಾಡಿಟ್ಟದ್ದೋ ಎಂಬುದು ತಿಳಿದುಹೋಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಪರೀಕ್ಷೆ ಹೊಲದ ಹೊರಗೇ ನಡೆದಿರುತ್ತದೆ. ಸೊಸೈಟಿಯಲ್ಲಿ ಯಾರು ಎಷ್ಟು ಚೀಲ ಸರ್ಕಾರಿ ಗೊಬ್ಬರ ಎತ್ತಿದರು, ಯಾರ ಹೆಗಲ ಮೇಲೆ ಸಿಂಪಡಣೆಯ ಡಬ್ಬಿ ಕಂಡಿತು ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಪಟ್ಟಣದ ಪರೀಕ್ಷಕನು ವರ್ಷಕ್ಕೊಮ್ಮೆ ಬಂದು ಹೋದರೂ ಇದನ್ನು ತಿಳಿಯಲಾರನು. ಹೀಗೆ ನೋಡಿದರೆ ಐವರ ಗುಂಪೆಂದರೆ ಪ್ರತಿಯೊಬ್ಬನ ಹೊಲಕ್ಕೂ ಹತ್ತು ಕಣ್ಣು ಬಂದಂತಾಯಿತು. ಆದರೆ ಆ ಕಣ್ಣುಗಳು ಬಂಧುಗಳದೂ ಆಗಿರುತ್ತವೆಂಬುದೇ ತೊಡಕು. ಭಾವನ ಹೊಲದಲ್ಲಿ ಕಂಡ ತಪ್ಪನ್ನು ಭಾವಮೈದುನನು ಸಭೆಯಲ್ಲಿ ಎತ್ತಿ ಹೇಳುವುದು ಸುಲಭವಲ್ಲ. ನಾಳೆ ಹಬ್ಬದೂಟಕ್ಕೆ ಅದೇ ಮನೆಯಲ್ಲಿ ಎಲೆ ಹಾಕಬೇಕಲ್ಲ! ಇವನು ಅವನನ್ನು, ಅವನು ಇವನನ್ನು ಪರಸ್ಪರ ಮೆಚ್ಚಿಕೊಂಡು ಮುಗಿಸಿಬಿಡದಂತೆ, ಒಬ್ಬನ ಹೊಲವನ್ನು ನೋಡಿದವನ ಹೊಲಕ್ಕೆ ಬೇರೆಯವರು ಹೋಗುವಂತೆ ವ್ಯವಸ್ಥೆ ಮಾಡಿಕೊಂಡ ಗುಂಪುಗಳು ಬಾಳುತ್ತವೆ. ಸೇರುವವನು ಇದನ್ನು ಮೊದಲೇ ವಿಚಾರಿಸಬೇಕು.

ತಪ್ಪು ಮಾಡಿದ ಸದಸ್ಯನನ್ನು ಗುಂಪು ಹೇಗೆ ನಡೆಸಿಕೊಳ್ಳುತ್ತದೆಂಬುದು ಅದಕ್ಕಿಂತಲೂ ಮುಖ್ಯವಾದ ವಿಷಯ. ಒಂದು ನಿದರ್ಶನ ಹೇಳುವುದಾದರೆ, 2018ರಲ್ಲಿ ಫಾಲ್ ಆರ್ಮಿವರ್ಮ್ ಎಂಬ ವಿದೇಶೀ ಸೈನಿಕಹುಳುವು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದುದು ನಮ್ಮ ಕರ್ನಾಟಕದ ಮುಸುಕಿನಜೋಳದ ಹೊಲಗಳಲ್ಲಿಯೇ. ಸುಳಿಯೊಳಗೆ ಕುಳಿತು ತಿಂದು, ಮರದ ಹೊಟ್ಟಿನಂಥ ಹಿಕ್ಕೆಯನ್ನು ತುಂಬಿಡುವ ಆ ಹುಳು ನೋಡನೋಡುತ್ತಿದ್ದಂತೆ ಇಡೀ ಹೊಲವನ್ನು ಜರಡಿ ಮಾಡಿಬಿಡುತ್ತದೆ. ಬೇವಿನ ಕಷಾಯಕ್ಕೂ ಬಗ್ಗದೆ, ಸುಳಿಗೆ ಮರಳು ಹಾಕಿದರೂ ಜಗ್ಗದೆ ಹುಳು ಮುನ್ನುಗ್ಗುವಾಗ, ಮಗಳ ಮದುವೆಯನ್ನೋ ಬ್ಯಾಂಕಿನ ಕಂತನ್ನೋ ಆ ಬೆಳೆಯ ಮೇಲೆ ನಂಬಿಕೊಂಡವನೊಬ್ಬ ಸಂಜೆ ಹೊತ್ತಿನಲ್ಲಿ ಯಾರಿಗೂ ಕಾಣದಂತೆ ಔಷಧಿ ಹೊಡೆದುಬಿಟ್ಟರೆ, ಅವನನ್ನು ಕಳ್ಳನೆನ್ನಲು ನಾಲಗೆ ಏಳುವುದಿಲ್ಲ. ಆದರೂ ಆ ಜೋಳವು ಗುಂಪಿನ ಗುರುತನ್ನು ಹೊತ್ತು ಮಾರುಕಟ್ಟೆಗೆ ಹೋಗಕೂಡದು. ವಿವೇಕಿಗಳಾದ ಗುಂಪಿನವರು ಅವನನ್ನು ಹೊರಗಟ್ಟುವುದಿಲ್ಲ, ಮುಚ್ಚಿಯೂ ಹಾಕುವುದಿಲ್ಲ. ಆ ತುಂಡುಭೂಮಿಯನ್ನು ಮತ್ತೆ ಪರಿವರ್ತನೆಯ ಮೊದಲ ದಿನಕ್ಕೆ ತಂದು ನಿಲ್ಲಿಸಿ, ಅವನ ಫಸಲನ್ನು ಬೇರೆಯಾಗಿ ಮಾರಿಸಿ, ನಡೆದುದನ್ನು ಸಭೆಯ ಪುಸ್ತಕದಲ್ಲಿ ದಾಖಲಿಸುತ್ತಾರೆ. ಸೇರಬೇಕೆಂದಿರುವವನು ಆ ಸಭೆಯ ಪುಸ್ತಕವನ್ನು ಕೇಳಿ ಓದಬೇಕು. ಅದರಲ್ಲಿ ಇಂಥ ಒಂದು ಘಟನೆಯೂ ವರ್ಷಾನುಗಟ್ಟಲೆ ಇಲ್ಲದಿದ್ದರೆ, ಆ ಊರಿನ ರೈತರೆಲ್ಲ ದೇವತೆಗಳೆಂದು ತಿಳಿಯುವುದಕ್ಕಿಂತ ಆ ಪುಸ್ತಕವನ್ನು ಬರೆಯುವವರು ಜಾಣರೆಂದು ತಿಳಿಯುವುದು ಕ್ಷೇಮ.

ಮೆಣಸು, ಕಾಫಿ, ಶುಂಠಿಗಳಂಥ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸಬೇಕೆನ್ನುವವರಿಗೆ ಈ ನೆರೆಹೊರೆಯ ಸಾಕ್ಷ್ಯ ಸಾಲದು. ಅವರಿಗೆ 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆಯೊಂದರ ದೃಢೀಕರಣ ಬೇಕು. ಕರ್ನಾಟಕದಲ್ಲಿ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕಾರ್ಯ ಮಾಡುತ್ತದೆ. ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ತೋಟದ ಬೆಳೆಗಳಿಗೆ ಸಾಮಾನ್ಯವಾಗಿ ಮೂರು ವರ್ಷ ಪರಿವರ್ತನೆಯ ಅವಧಿ. ಒಬ್ಬೊಬ್ಬನೇ ಮಾಡಿಸಿಕೊಂಡರೆ ವೆಚ್ಚವು ಸಣ್ಣ ರೈತನಿಗೆ ಎಟುಕದಾದ್ದರಿಂದ ಇಲ್ಲಿಯೂ ಗುಂಪಾಗಿ ಸೇರುವುದೇ ರೂಢಿ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರನಿಗೆ ಇಷ್ಟು ಪಾಡಿಲ್ಲ: ಆಹಾರ ಸುರಕ್ಷಾ ಪ್ರಾಧಿಕಾರದ 2017ರ ನಿಯಮಗಳು, ವರ್ಷಕ್ಕೆ 12 ಲಕ್ಷ ರೂಪಾಯಿಗಳವರೆಗೆ ವಹಿವಾಟುಳ್ಳ ಅಂಥವರಿಗೆ ದೃಢೀಕರಣದಿಂದ ವಿನಾಯಿತಿ ಕೊಟ್ಟಿವೆ. ಇನ್ನು ರೈತ ಉತ್ಪಾದಕರ ಕಂಪನಿಗಳು; ಹತ್ತು ಮಂದಿ ಬೆಳೆಗಾರರು ಸೇರಿ ನೋಂದಾಯಿಸಬಹುದಾದ ಈ ಕಂಪನಿಗಳಲ್ಲಿ, ಷೇರು ಎಷ್ಟೇ ಇರಲಿ, ವ್ಯಕ್ತಿಗಳೇ ಸದಸ್ಯರಾಗಿರುವಲ್ಲಿ ಒಬ್ಬನಿಗೆ ಒಂದೇ ಮತ. ಷೇರು ಕೊಂಡ ಮೇಲೆ ಮಾಲನ್ನು ಹೊರಗಿನ ದಲ್ಲಾಳಿಗೆ ಎರಡು ರೂಪಾಯಿ ಹೆಚ್ಚಿಗೆ ಮಾರಿ, ಸರ್ವಸದಸ್ಯರ ಸಭೆಯಲ್ಲಿ ಲಾಭಾಂಶವೇಕಿಲ್ಲವೆಂದು ಎದ್ದು ನಿಲ್ಲುವವರು ಎಲ್ಲ ಕಂಪನಿಗಳಲ್ಲಿಯೂ ಇದ್ದಾರೆ.

ಎಕರೆಗಟ್ಟಲೆ ಭೂಮಿಯಿಲ್ಲದೆ ಹಿತ್ತಲನ್ನೋ ತಾರಸಿಯನ್ನೋ ನಂಬಿರುವವರ ಪಾಡು ಇದಕ್ಕಿಂತ ಹಗುರವಾದುದು, ಹೆಚ್ಚು ಆನಂದದಾಯಕವಾದುದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದೊಡನೆ ಹೆಸರು ಕೂಡಿಕೊಂಡಿರುವ ಮೈಸೂರು ತೋಟಗಾರಿಕಾ ಸಂಘವು 1912ರಷ್ಟು ಹಳೆಯದು. ಆದರೆ ಅದರ ಪ್ರೀತಿ ಬಹುಕಾಲ ಹೂವಿನ ಮೇಲೆ ನೆಟ್ಟಿದ್ದಿತು. ತಿನ್ನುವ ತರಕಾರಿಯನ್ನು ವಿಷವಿಲ್ಲದೆ ತಾರಸಿಯ ಮೇಲೆ ಬೆಳೆಯಬಹುದೆಂದು ಬೆಂಗಳೂರಿನ ಮಧ್ಯಮವರ್ಗಕ್ಕೆ ಕಲಿಸಿದವರಲ್ಲಿ ಡಾ. ಬಿ. ಎನ್. ವಿಶ್ವನಾಥರು ಅಗ್ರಗಣ್ಯರು. ಅವರ ಬಳಗವು 2011ರಿಂದ ನಡೆಸಿಕೊಂಡು ಬಂದ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳಗಳಲ್ಲಿ ಎರೆಗೊಬ್ಬರ, ತೆಂಗಿನನಾರಿನ ಪುಡಿ, ಬೀಜದ ಪೊಟ್ಟಣಗಳ ನಡುವೆ ನಿವೃತ್ತ ಅಧಿಕಾರಿಗಳೂ ಯುವ ಎಂಜಿನಿಯರುಗಳೂ ಹೀರೆಕಾಯಿಯ ಗಂಡುಹೂವು ಹೆಣ್ಣುಹೂವುಗಳ ವಿಚಾರವಾಗಿ ಗಂಭೀರವಾಗಿ ಚರ್ಚಿಸುವುದನ್ನು ಕಾಣಬಹುದು. ಮಲೆನಾಡಿನ ಗೃಹಿಣಿಯರಿಗೆ ಈ ಚರ್ಚೆ ಬೇಕಿಲ್ಲ. ಮೊಗೆಕಾಯಿ, ಬಸಳೆ, ಹೀರೆಗಳ ನೂರಾರು ಬಗೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೋರೆಬುರುಡೆಯಲ್ಲಿ ತುಂಬಿ, ಅಟ್ಟದ ಹೊಗೆಗೆ ತೂಗುಹಾಕಿ ಕಾಪಾಡಿದವರೇ ಅವರು. ಶಿರಸಿಯ ವನಸ್ತ್ರೀ ಎಂಬ ಸಂಸ್ಥೆ ಇಂಥ ಹೆಂಗಸರನ್ನು ಒಟ್ಟುಗೂಡಿಸಿ, ತವರಿಗೆ ಹೋದಾಗ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ ಬೀಜಕ್ಕೆ ಒಂದು ಬಳಗವನ್ನೂ ಒಂದು ಮೇಳವನ್ನೂ ಒದಗಿಸಿತು. ಧಾನ್ಯದ ಬೀಜಗಳಲ್ಲಿ ಇದೇ ಕೆಲಸವನ್ನು ಸಹಜ ಸಮೃದ್ಧ ಬಳಗವು ನಾಡಿನಾದ್ಯಂತ ಮಾಡುತ್ತಿದೆ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನರು ತಮ್ಮ ಗದ್ದೆಗಳಲ್ಲಿ ನೂರಾರು ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿರುವುದು ಪ್ರಸಿದ್ಧವಾದ ಸಂಗತಿ. ರಾಜಮುಡಿಯೋ ಗಂಧಸಾಲೆಯೋ ಒಂದು ಸೇರು ಬೀಜವನ್ನು ಇಂಥ ಬಳಗದಿಂದ ಪಡೆದವನು ಮುಂದಿನ ಸುಗ್ಗಿಗೆ ಅಷ್ಟನ್ನೋ ಅದರ ಎರಡರಷ್ಟನ್ನೋ ಹಿಂದಿರುಗಿಸಬೇಕೆಂಬುದು ಬೀಜದ ಬ್ಯಾಂಕುಗಳ ಸಾಮಾನ್ಯ ಕಟ್ಟಳೆ. ಮುಯ್ಯಾಳಿನ ಲೆಕ್ಕವೇ ಇಲ್ಲಿ ಬೀಜದ ರೂಪದಲ್ಲಿ ಮುಂದುವರಿದಿದೆ.

ಸೇರುವಾಗ ಕೇಳುವ ಕಾಗದಗಳ ವಿಚಾರವಾಗಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಸರ್ಕಾರದ ಯೋಜನೆಗಳಡಿ ರಚನೆಯಾಗುವ ಬಹುತೇಕ ಗುಂಪುಗಳು ಆಧಾರ್, ಬ್ಯಾಂಕಿನ ಪಾಸುಪುಸ್ತಕಗಳ ಜೊತೆಗೆ ಅರ್ಜಿದಾರರ ಹೆಸರಿನ ಪಹಣಿಯನ್ನು ಕೇಳುತ್ತವೆ. ಪಹಣಿ ಸಾಮಾನ್ಯವಾಗಿ ಗಂಡನ ಅಥವಾ ಮಾವನ ಹೆಸರಿನಲ್ಲಿರುತ್ತದೆ. ಎಷ್ಟೋ ಕಡೆ ತೀರಿಕೊಂಡು ಎರಡು ತಲೆಮಾರು ಕಳೆದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಕಳೆ ಕೀಳುವವಳು, ಬೀಜ ಆರಿಸುವವಳು, ತಿಪ್ಪೆಗೆ ಸಗಣಿ ಹೊರುವವಳು, ಸಾವಯವವೆಂಬ ಕಾರ್ಯದ ಮುಕ್ಕಾಲು ಪಾಲನ್ನು ಕೈಯಾರೆ ಮಾಡುವವಳು ಹೀಗೆ ಸಂಘದ ಹೊರಗುಳಿಯುತ್ತಾಳೆ; ಜಮೀನನ್ನು ಕೋರಿಗೆ ಮಾಡುವ ಬಡರೈತನೂ ಹೊರಗುಳಿಯುತ್ತಾನೆ. ಸಭೆಗೆ ಬಂದು ಕುರ್ಚಿಯಲ್ಲಿ ಕುಳಿತು, ಮಂಡಕ್ಕಿ ಚಹಾ ಮುಗಿಸಿ ಹೋಗುವವನು ಮಾತ್ರ ಒಳಗಿರುತ್ತಾನೆ. ಸಂಘಗಳ ಕಾಯಿದೆಯಡಿ ಏಳು ಮಂದಿ ಸೇರಿ ನೋಂದಾಯಿಸಿಕೊಳ್ಳುವ ಸ್ವತಂತ್ರ ಸಂಘಗಳಿಗೆ ತಮ್ಮ ನಿಯಮಾವಳಿಯನ್ನು ತಾವೇ ಬರೆದುಕೊಳ್ಳುವ ಅವಕಾಶವಿರುವುದರಿಂದ, ಅವು ಭೂಮಿಯ ಒಡೆತನಕ್ಕೆ ಬದಲಾಗಿ ಸಾಗುವಳಿಯನ್ನೇ ಸದಸ್ಯತ್ವದ ಆಧಾರವೆಂದು ಬರೆದುಕೊಂಡರೆ ಯಾವ ರಿಜಿಸ್ಟ್ರಾರರೂ ಬೇಡವೆನ್ನಲಾರರು.

ಅನುದಾನಕ್ಕಾಗಿಯೇ ಹುಟ್ಟಿದ ಗುಂಪುಗಳ ವಿಚಾರ ಎಲ್ಲರೂ ಬಲ್ಲುದು. ಯೋಜನೆಯ ಅವಧಿ ಮೂರು ವರ್ಷವಾದರೆ ಗುಂಪಿನ ಆಯುಷ್ಯವೂ ಮೂರು ವರ್ಷ. ಆಮೇಲೆ ಉಳಿಯುವುದು ಬಸ್ ನಿಲ್ದಾಣದ ಬಳಿಯ ಬೋರ್ಡು ಮತ್ತು ಎರೆಹುಳುವಿಲ್ಲದ ಎರೆಗೊಬ್ಬರದ ತೊಟ್ಟಿ. ಸರ್ಕಾರದ ಹಣ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಣ ಬರುವ ಮುನ್ನವೇ ಪರಸ್ಪರ ಹೊಲ ನೋಡುವ ರೂಢಿಯಿದ್ದ ಗುಂಪುಗಳಿಗೆ ಅದೇ ಹಣದಿಂದ ಗಾಣವೂ ಗೋದಾಮೂ ಬಂದಿರುವುದುಂಟು.

ಸೇರಬೇಕೆಂದು ಮನಸ್ಸು ಮಾಡಿದವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಆ ಸುತ್ತಿನಲ್ಲಿ ನಡೆಯುತ್ತಿರುವ ಸಾವಯವ ಗುಂಪುಗಳನ್ನು ವಿಚಾರಿಸಬಹುದು. ತರಕಾರಿ ಬೆಳೆಯುವವರಿಗೆ ತೋಟಗಾರಿಕೆ ಇಲಾಖೆಯ ಕಚೇರಿಯೂ, ನಗರದವರಿಗೆ ಬೀಜಮೇಳಗಳೂ ಒಳ್ಳೆಯ ಬಾಗಿಲುಗಳು. ಒಮ್ಮೆಲೇ ಹಣ ಕಟ್ಟದೆ, ಮೊದಲು ಒಂದು ಸಭೆಗೆ ಸುಮ್ಮನೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು, ಹಿಂದಿನ ಸಭೆಯ ನಡಾವಳಿಯನ್ನು ಓದುತ್ತಾರೆಯೇ, ಜಮಾಖರ್ಚನ್ನು ಮುಂದಿಡುತ್ತಾರೆಯೇ, ಅಧ್ಯಕ್ಷರಲ್ಲದೆ ಬೇರೆ ಯಾರಾದರೂ ಬಾಯಿ ತೆರೆಯುತ್ತಾರೆಯೇ ಎಂಬುದನ್ನು ಗಮನಿಸಬೇಕು. ಸಭೆ ಮುಗಿದ ಮೇಲೆ ಯಾರಾದರೊಬ್ಬ ಸದಸ್ಯರ ಹೊಲವನ್ನು ನೋಡಬಹುದೇ ಎಂದು ಕೇಳಬೇಕು. ಕೂಡಲೇ ಎದ್ದು ಚಪ್ಪಲಿ ಮೆಟ್ಟಿಕೊಂಡು ‘ಬನ್ನಿ, ಇಲ್ಲೇ ಹತ್ತಿರ’ ಎನ್ನುವವರು ಇಬ್ಬರಾದರೂ ಸಿಕ್ಕರೆ ಅಲ್ಲಿಯೇ ಶುಲ್ಕ ಕಟ್ಟಿ ರಶೀದಿ ಪಡೆಯಬಹುದು. ‘ಮೊದಲು ಫಾರಂ ತುಂಬಿ, ಹೊಲದ ಮಾತು ಆಮೇಲೆ’ ಎಂಬ ಉತ್ತರ ಬಂದರೆ ಮುಂದಿನ ಬಸ್ಸಿನ ವೇಳೆಯನ್ನು ವಿಚಾರಿಸುವುದು ಲೇಸು.